ಅನಿಮೆ ಹಾಕುವ ಮೊದಲು ಆ ಸ್ಮೂದಿಂಗ್ ಆಫ್ ಮಾಡಿ

ಹೊಸ ಟಿವಿಯಲ್ಲಿ ಅನಿಮೆ (ಜಪಾನಿನ ಅನಿಮೇಷನ್) ಹಾಕಿದರೆ ಪಾತ್ರಗಳು ಎಣ್ಣೆಯ ಮೇಲೆ ಜಾರಿದಂತೆ ಓಡಾಡುತ್ತವೆ. ತಪ್ಪು ಅನಿಮೆಯದಲ್ಲ, ಟಿವಿಯೊಳಗಿನ ಮೋಷನ್ ಸ್ಮೂದಿಂಗ್‌ನದು, ಅಂದರೆ ಚಲನೆ ನಯವಾಗಿ ಕಾಣಲೆಂದು ಟಿವಿ ತಾನೇ ಹೆಚ್ಚುವರಿ ಫ್ರೇಮುಗಳನ್ನು ಸೇರಿಸುವ ಸೆಟ್ಟಿಂಗ್‌ನದು. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಜಪಾನಿನ ಅನಿಮೇಟರುಗಳು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡು ಅಥವಾ ಮೂರು ಫ್ರೇಮ್ ನಿಲ್ಲಿಸುತ್ತಾರೆ. ಅಂದರೆ ಸೆಕೆಂಡಿಗೆ 12 ಅಥವಾ 8 ಚಿತ್ರ. ಹೊಡೆತ ಬೀಳುವಂಥ ವೇಗದ ಕ್ಷಣಗಳಲ್ಲಿ ಪ್ರತಿ ಫ್ರೇಮಿಗೂ ಹೊಸ ಚಿತ್ರ ಬರೆಯುವುದುಂಟು. ಎಲ್ಲಿ ತಡೆಯಬೇಕು, ಎಲ್ಲಿ ಚಿಮ್ಮಬೇಕು ಎಂಬ ಈ ಲೆಕ್ಕವೇ ಅವರ ಕಲೆ! ಟಿವಿ ನಡುವೆ ತನ್ನದೇ ಫ್ರೇಮುಗಳನ್ನು ತುರುಕಿ ಅದನ್ನು ಕೆಡಿಸುತ್ತದೆ. ಯಾವ ಗೆರೆ ಎಲ್ಲಿಗೆ ಸರಿಯಿತೆಂದು ಅದು ಬರೀ ಊಹಿಸುವುದರಿಂದ, ಬೀಸುವ ಕೈಯ ಸುತ್ತ ಗೆರೆಗಳೆಲ್ಲ ಕಲಸಿಹೋಗುತ್ತವೆ. ಇದನ್ನೇ ಮಾಡಿ ‘60 ಎಫ್‌ಪಿಎಸ್’ (ಸೆಕೆಂಡಿಗೆ 60 ಫ್ರೇಮ್) ಎಂದು ಹೆಮ್ಮೆಯಿಂದ ಹಾಕುವ ಫೈಟ್ ಕ್ಲಿಪ್‌ಗಳ ಮಾತೇ ಬೇಡ.

ಸೆಟ್ಟಿಂಗ್ಸ್‌ಗೆ ಹೋಗಿ, ಪಿಕ್ಚರ್ ತೆರೆದು, ಮೋಷನ್ ಅಥವಾ ಕ್ಲಾರಿಟಿ ಹುಡುಕಿ. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಪಿಕ್ಚರ್ ಮೋಡ್ ಬದಲಿಸಿದರೆ ಎಷ್ಟೋ ಟಿವಿಗಳಲ್ಲಿ ಮತ್ತೆ ಆನ್ ಆಗಿರುತ್ತದೆ, ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ ಸಾಧನಕ್ಕೂ ಟಿವಿಯ ಆ್ಯಪ್‌ಗಳಿಗೂ ಬೇರೆ ಬೇರೆ ಆಫ್ ಮಾಡಬೇಕಾಗಬಹುದು. ಯಾರೂ ಕೇಳದ ಇದನ್ನು ಕಾರ್ಖಾನೆಯಿಂದಲೇ ಆನ್ ಮಾಡಿ ಕಳಿಸುವುದಾದರೂ ಏಕೆ?