ಅಂಬಾಸಿಡರ್‌ಗೇ ಜಾಸ್ತಿ ದಮ್ ಅನ್ನುವವರಿಗೆ

ಮೊನ್ನೆ ಮೂಡಿಗೆರೆಯಲ್ಲಿ ಒಂದು ಮದುವೆ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಮತ್ತೆ ಅದೇ ಮಾತು ಬಂತು. "ಘಾಟಿ ಹತ್ತೋಕೆ ಅಂಬಾಸಿಡರ್ರೇ ಸರಿ, ಫಿಯೆಟ್‌ಗೆ ದಮ್ ಇರಲಿಲ್ಲ." ನಮ್ಮ ಮನೆಯಲ್ಲಿ ಇದ್ದದ್ದು ಪದ್ಮಿನಿ, ಅಂದರೆ ಅದೇ ಫಿಯೆಟ್; ದೊಡ್ಡಪ್ಪನ ಮನೆಯಲ್ಲಿ ಅಂಬಾಸಿಡರ್. ಎರಡನ್ನೂ ಚಾರ್ಮಾಡಿ ಘಾಟಿಯಲ್ಲಿ ಓಡಿಸಿದ್ದೇನೆ, ಹಾಗಾಗಿ ಈ ಮಾತು ಕೇಳಿದರೆ ಸುಮ್ನೆ ಇರೋಕೆ ಆಗಲ್ಲ.

ಹಳೇ ಪೆಟ್ರೋಲ್ ಅಂಬಾಸಿಡರ್ 1489 ಸಿಸಿ, 50 ಎಚ್‌ಪಿ ಆಸುಪಾಸು. ಪದ್ಮಿನಿ 1089 ಸಿಸಿ, 40ರ ಆಸುಪಾಸು. ಎಲ್ಲರೂ ಇಲ್ಲಿಗೇ ನಿಲ್ಲಿಸಿ ಅಂಬಾಸಿಡರ್ ಗೆದ್ದಿತು ಅಂತಾರೆ. ತೂಕ ಯಾರೂ ಕೇಳಲ್ಲ. ಅಂಬಾಸಿಡರ್ 1100 ಕೆಜಿ ದಾಟುತ್ತದೆ, ಪದ್ಮಿನಿ ಸುಮಾರು 900. ಭಾಗಿಸಿ ನೋಡಿ, ಟನ್ನಿಗೆ ಎರಡಕ್ಕೂ 45 ಎಚ್‌ಪಿ ಹತ್ತಿರವೇ ಬರುತ್ತದೆ. ಒಬ್ಬರೇ ಕೂತು ಹತ್ತಿಸಿದರೆ ಪದ್ಮಿನಿ ಹಿಂದೆ ಬೀಳುವ ಕಾರಲ್ಲ.

ಹಾಗಾದರೆ ಆ ಮಾತು ಹುಟ್ಟಿದ್ದು ಎಲ್ಲಿಂದ? ನಮ್ಮ ಕಡೆ ಒಬ್ಬರೇ ಹೋಗುವುದು ಎಲ್ಲಿತ್ತು! ಧರ್ಮಸ್ಥಳಕ್ಕೆ ಅಂದರೆ ಮನೆಮಂದಿಯೆಲ್ಲ, ಮಕ್ಕಳು ತೊಡೆ ಮೇಲೆ, ಡಿಕ್ಕಿ ತುಂಬ ಸಾಮಾನು. 350 ಕೆಜಿ ಹೇರಿದರೆ ಹಗುರ ಕಾರಿಗೆ ಪೆಟ್ಟು ಜಾಸ್ತಿ, ಟನ್ನಿಗೆ 32ಕ್ಕೆ ಇಳಿಯುತ್ತದೆ. ಅಂಬಾಸಿಡರ್‌ದು 34ರ ಆಸುಪಾಸಿನಲ್ಲೇ ಉಳಿಯುತ್ತದೆ. ಜೊತೆಗೆ ಅದರ ಎಂಜಿನ್ ದೊಡ್ಡದು, ಪಿಸ್ಟನ್ ಓಡುವ ದೂರ 88.9 ಮಿಮೀ, ಪದ್ಮಿನಿಯದು 75. ಅದಕ್ಕೇ ಅಂಬಾಸಿಡರ್ ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನ ತಿರುಗುವಾಗಲೇ ಎಳೆಯುತ್ತದೆ. ತಿರುವಿನಲ್ಲಿ ಲಾರಿ ಅಡ್ಡ ಬಂದು ನಿಧಾನ ಮಾಡಿದರೂ ಗೇರ್ ಇಳಿಸದೆ ಗುರ್ರ್ ಅಂತ ಮೇಲೆ ಹೋಗುತ್ತಿತ್ತು. ಪದ್ಮಿನಿ ಹಾಗಲ್ಲ. ಅದನ್ನು ಮೊದಲೇ ಸೆಕೆಂಡ್ ಗೇರಿಗೆ ಹಾಕಿ, ಎಂಜಿನ್ ಹಾಡುತ್ತಾ ಇರುವ ಹಾಗೆ ನೋಡಿಕೊಳ್ಳಬೇಕು. ಅಪ್ಪ ಮೊದಲು ಕಲಿಸಿದ್ದೇ ಇದು. "ಉಸಿರು ಕಟ್ಟಿಸಬೇಡ ಮಗ, ಅದಕ್ಕೆ ಮುಂಚೆನೇ ಇಳಿಸು." ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ ಕೈಗೆ ಪಳಗಿದವರಿಗೆ ಅದೇನು ಕಷ್ಟ ಆಗಿರಲಿಲ್ಲ.

ತಿರುವುಗಳಲ್ಲಂತೂ ನನ್ನ ಓಟು ಪದ್ಮಿನಿಗೇ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಇರುವ ಅಂತರ, ಅಂದರೆ ವೀಲ್‌ಬೇಸ್, ಅದರಲ್ಲಿ 2340 ಮಿಮೀ, ಅಂಬಾಸಿಡರ್‌ನಲ್ಲಿ 2464. ಘಾಟಿ ಮೇಲಿನ ಕೊಟ್ಟಿಗೆಹಾರದ ಮಂಜಿನಲ್ಲಿ ರಸ್ತೆ ಅಂಚು ಕಾಣದಾಗ ಸಣ್ಣ ಕಾರು ಕೊಡುವ ಧೈರ್ಯ ಓಡಿಸಿದವರಿಗೇ ಗೊತ್ತು. ಹಿಂದಿನ ಸೀಟಲ್ಲಿ ಕೂತು ನಿದ್ದೆ ಮಾಡೋಕೆ ಅಂಬಾಸಿಡರ್, ಅದರಲ್ಲಿ ಎರಡು ಮಾತಿಲ್ಲ. ಬ್ರೇಕ್ ಎರಡಕ್ಕೂ ಡ್ರಮ್ಮೇ, ಬಿಸಿಯಾದರೆ ಹಿಡಿತ ಕಮ್ಮಿ. ಹಾಗಾಗಿ ಇಳಿಯುವಾಗ ಗೇರ್ ಇಳಿಸಿ ಎಂಜಿನ್ ಮೇಲೇ ನಂಬಿಕೆ.

ಇನ್ನೊಂದು ವಿಷಯ, ಯಾವ ಅಂಬಾಸಿಡರ್ ಅಂತಾನೂ ಹೇಳಬೇಕು ಅಲ್ವಾ? ಟ್ಯಾಕ್ಸಿಯವರ ಹತ್ತಿರ ಇದ್ದ ಹಳೇ ಡೀಸೆಲ್ ಗಾಡಿಗೂ 1489 ಸಿಸಿಯೇ, ಆದರೆ 40 ಎಚ್‌ಪಿಯೂ ಇರಲಿಲ್ಲ. ಖಾಲಿ ಪದ್ಮಿನಿ ಅದನ್ನು ಘಾಟಿಯಲ್ಲಿ ಹಿಂದೆ ಹಾಕುತ್ತಿತ್ತು, ನಾನೇ ಹಾಕಿದ್ದೇನೆ. 90ರ ದಶಕದಲ್ಲಿ ಬಂದ 1800 ಸಿಸಿ ಇಸುಜು ಎಂಜಿನ್ನಿನ ಅಂಬಾಸಿಡರ್‌ಗೆ ಐದು ಗೇರು, ಎಚ್‌ಪಿಯೂ ಎಷ್ಟೋ ಜಾಸ್ತಿ. ಅದನ್ನು ತಂದು ಪದ್ಮಿನಿ ಪಕ್ಕ ನಿಲ್ಲಿಸಿದರೆ ನಾನು ಒಪ್ಪಲ್ಲ. ಹಳೇ ಪೆಟ್ರೋಲ್ ಗಾಡಿ ಯಾರ ಶೆಡ್ಡಿನಲ್ಲಾದರೂ ಇದ್ದರೆ ಹೇಳಿ. ಮಳೆ ನಿಂತ ಮೇಲೆ ಒಂದು ಭಾನುವಾರ ಎರಡನ್ನೂ ಘಾಟಿ ಹತ್ತಿಸೋಣ, ಕೊಟ್ಟಿಗೆಹಾರದಲ್ಲಿ ನೀರು ದೋಸೆ ನನ್ನ ಲೆಕ್ಕ.