ಕಪ್ಪು ನಂಬರ್ ಪ್ಲೇಟ್ ಕಂಡರೆ ಗಾಬರಿ ಬೇಡ

‘ಕಪ್ಪು ಪ್ಲೇಟಿನ ಬೈಕ್ ಅಕ್ರಮ, ನಂದಿಬೆಟ್ಟಕ್ಕೆ ಒಯ್ದರೆ ಜಪ್ತಿ’ ಎಂಬ ಸಂದೇಶ ಚಿಕ್ಕಬಳ್ಳಾಪುರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಕಪ್ಪು ಹಲಗೆ, ಹಳದಿ ಅಕ್ಷರ ಎಂದರೆ ಗಿರಾಕಿಯೇ ಓಡಿಸಿಕೊಳ್ಳುವ ಬಾಡಿಗೆ ವಾಹನ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಈ ಬಣ್ಣಕ್ಕೆ ಜಾಗವಿದೆ. ಬೈಕ್ ಬಾಡಿಗೆಗೆ ಕೊಡಲು 1997ರ ಕೇಂದ್ರ ಯೋಜನೆಯಿದೆ. ಅದರಡಿ ಪರವಾನಗಿ ಪಡೆದವರು ಮಾತ್ರ ಈ ವ್ಯವಹಾರ ನಡೆಸಬಹುದು.

ನಿಜವಾಗಿ ಎಚ್ಚರ ಬೇಕಿರುವುದು ಬಿಳಿ ಪ್ಲೇಟಿನ ಬಗ್ಗೆ. ಅದು ಸ್ವಂತ ಬಳಕೆಯ ವಾಹನ. ಅದನ್ನು ದಿನಬಾಡಿಗೆಗೆ ಕೊಡುವುದು ನಿಯಮಬಾಹಿರ. ಅಪಘಾತವಾದರೆ ವಿಮಾ ಕಂಪನಿ ಇದನ್ನೇ ಕಾರಣವಾಗಿಸಿ ಪರಿಹಾರ ನಿರಾಕರಿಸಬಹುದು. ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಹೋದ ಹುಡುಗರ ಮನೆಯವರು ಆಸ್ಪತ್ರೆ ಬಿಲ್ ಹಿಡಿದು ಅಲೆಯುವಂತಾಗುವುದು ನನಗೆ ತುಂಬ ಕಳವಳದ ಸಂಗತಿ. ಗಾಡಿ ಪಡೆಯುವ ಮೊದಲು ಆರ್‌ಸಿ, ವಿಮೆ ಎರಡನ್ನೂ ಕೇಳಿ ನೋಡಿ.

ಕಪ್ಪು ಪ್ಲೇಟ್ ಇದೆಯೆಂದು ಎಲ್ಲೆಂದರಲ್ಲಿ ನಿಲ್ಲಿಸುವ ಹಕ್ಕೇನೂ ಸಿಗುವುದಿಲ್ಲ. ದಾರಿಗೆ ಅಡ್ಡವಾಗಿ ಬಿಟ್ಟ ಗಾಡಿಯನ್ನು ತೆರವು ಮಾಡಿಸಲು 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿದೆ, ಪ್ಲೇಟಿನ ಬಣ್ಣ ಯಾವುದೇ ಇರಲಿ. ಫುಟ್‌ಪಾತ್ ನಡೆಯುವವರದು.