ಅಪ್‌ಲೋಡ್ ಅಂದರೆ ಡೌನ್‌ಲೋಡ್

'ರೆಪಾಸಿಟರಿಗೆ (ಕೋಡ್ ಇಡುವ ಉಗ್ರಾಣಕ್ಕೆ) ಯಾರ್ಯಾರು ಯಾವಾಗ ಬಂದು ಹೋದರು, ಪಟ್ಟಿ ಕೊಡಿ' ಎಂದು ಮ್ಯಾನೇಜರ್ ಕೇಳಿದರೆ, ಹೊಸಬರು ಥಟ್ಟನೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ತಂತ್ರಾಂಶದ ಲಾಗ್ ತೆಗೆದು ಕೊಟ್ಟುಬಿಡುತ್ತಾರೆ. ಎಡವಟ್ಟು ಅಲ್ಲಿಂದಲೇ ಶುರು. ಅದರಲ್ಲಿರುವುದು ಕಮಿಟ್ ಮಾಡಿದವರ, ಅಂದರೆ ಬದಲಾವಣೆ ದಾಖಲಿಸಿದವರ ಹೆಸರು. ಇಡೀ ಕೋಡನ್ನು ಕ್ಲೋನ್ (ನಕಲು) ಮಾಡಿಕೊಂಡು ಸದ್ದಿಲ್ಲದೆ ಹೋದವರ ಸುಳಿವೇ ಇರುವುದಿಲ್ಲ. ಸಮಯವೂ ಅವರವರ ಲ್ಯಾಪ್‌ಟಾಪ್ ಗಡಿಯಾರದ್ದು. ಅದು ಎರಡು ವರ್ಷ ಹಿಂದಿದ್ದರೆ ಇವತ್ತಿನ ಕಮಿಟ್ಟೂ ಎರಡು ವರ್ಷ ಹಳತು. ಹುಕ್ (ತಾನಾಗಿ ಓಡುವ ಸ್ಕ್ರಿಪ್ಟ್) ಬರೆದು ಹಿಡಿಯೋಣವೆಂದರೆ, ಪೋಸ್ಟ್-ರಿಸೀವ್ ಎಂಬ ಹುಕ್ ಏಳುವುದು ಪುಶ್ ಬಂದಾಗ, ಅಂದರೆ ಯಾರಾದರೂ ಬದಲಾವಣೆ ಕಳಿಸಿದಾಗ ಮಾತ್ರ. ಫೆಚ್ ಮಾಡುವವರು (ಇಳಿಸಿಕೊಳ್ಳುವವರು) ಬಂದಾಗ ಅದಕ್ಕೆ ಗಾಢ ನಿದ್ದೆ.

ಹಾಗಾಗಿ ಸರ್ವರ್ ಲಾಗೇ ಗತಿ. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದಲ್ಲಿ ಎಲ್ಲರೂ 'ಗಿಟ್' ಎಂಬ ಒಂದೇ ಖಾತೆಯಿಂದ ಒಳಬರುವ ಪದ್ಧತಿ ಇದ್ದರೆ, ಲಾಗ್ ಪ್ರಕಾರ ಹಗಲೂ ರಾತ್ರಿ ದುಡಿಯುವವರು 'ಗಿಟ್' ಒಬ್ಬರೇ. ಯಾರ ಕೀಲಿಗೆ ಪ್ರವೇಶವಿದೆ ಎಂದು ಬರೆದಿಡುವ ಆಥರೈಸ್ಡ್ ಕೀಸ್ ಫೈಲಿನಲ್ಲಿ ಪ್ರತಿ ಕೀಲಿಯ ಮುಂದೆ 'ಕಮಾಂಡ್=' ಹಾಕಿ, ಬಳಕೆದಾರರ ಹೆಸರು ಸಮೇತ ಒಂದು ಪುಟ್ಟ ಸ್ಕ್ರಿಪ್ಟ್ ಓಡಿಸಬೇಕು. ಸ್ಕ್ರಿಪ್ಟ್ ದಿನಾಂಕ, ಹೆಸರು, ಕೇಳಿದ ಆಜ್ಞೆ ಮೂರನ್ನೂ ಬರೆದುಕೊಂಡು, ಕೊನೆಗೆ ಆ ಆಜ್ಞೆಯನ್ನು ಗಿಟ್ ಆಜ್ಞೆಗಳನ್ನಷ್ಟೇ ನಡೆಸುವ ಗಿಟ್-ಶೆಲ್‌ಗೆ ದಾಟಿಸಬೇಕು. ಆ ಕೊನೆಯ ಸಾಲು ಮರೆತರೆ ಲಾಗ್ ಅಚ್ಚುಕಟ್ಟಾಗಿರುತ್ತದೆ, ಕೋಡ್ ಮಾತ್ರ ಯಾರಿಗೂ ಸಿಗುವುದಿಲ್ಲ.

ಲಾಗ್ ಓದುವಾಗಲೂ ಹುಷಾರು. 'ಗಿಟ್-ಅಪ್‌ಲೋಡ್-ಪ್ಯಾಕ್' ಕಂಡ ಕೂಡಲೇ 'ಇವರೇನೋ ತುರುಕಿದ್ದಾರೆ' ಎಂದು ಹೌಹಾರಬೇಡಿ. ಹೆಸರಿಟ್ಟಿರುವುದು ಸರ್ವರಿನ ಕಡೆಯಿಂದ ನೋಡಿ: ಸರ್ವರ್ ಕಳಿಸಿತು, ಅವರು ಇಳಿಸಿಕೊಂಡರು. ತುರುಕಿದವರು 'ರಿಸೀವ್-ಪ್ಯಾಕ್'ನಲ್ಲಿರುತ್ತಾರೆ.

ಅಪಾಚೆ ಎಂಬ ವೆಬ್ ಸರ್ವರ್ ಮೇಲೆ ಕೂತ, ಗಿಟ್‌ನಂಥದೇ ಕೆಲಸದ ಸಬ್‌ವರ್ಶನ್‌ನದು ಬೇರೆಯೇ ರಗಳೆ. ಒಂದು ಚೆಕ್‌ಔಟ್‌ಗೆ (ಕೋಡ್ ಇಳಿಸಿಕೊಳ್ಳುವುದಕ್ಕೆ) ರಾಶಿ ಸಾಲು. ಪಾಸ್‌ವರ್ಡ್ ಕೇಳುವ ಮುಂಚಿನ ಮೊದಲ ಸಾಲಿನಲ್ಲಿ ಹೆಸರಿನ ಜಾಗಕ್ಕೆ ಬರೀ ಗೆರೆ, ಪಕ್ಕದಲ್ಲಿ 401, ಅಂದರೆ 'ಮೊದಲು ಗುರುತು ಹೇಳಿ'. ಅದು ಕಳ್ಳತನವಲ್ಲ, ಬಾಗಿಲು ತಟ್ಟಿದ ಸದ್ದು. ಅಪಾಚೆಯ ಲಾಗ್ ಹೇಗಿರಬೇಕೆಂದು ಹೇಳುವ ಕಸ್ಟಮ್‌ಲಾಗ್ ಸಾಲಿಗೆ 'ಎಸ್‌ವಿಎನ್-ಆಕ್ಷನ್' ಸೇರಿಸಿದರೆ ಒಂದು ಕೆಲಸಕ್ಕೆ ಒಂದೇ ಸಾಲು.

ಇನ್ನು ಲಾಗ್‌ನಲ್ಲಿ ಬೆಳಗಿನ ಜಾವ ಮೂರಕ್ಕೂ ದುಡಿಯುವಂತೆ ಕಾಣುವ ಮಹಾನ್ ಕೆಲಸಗಾರ. ಕೋಡ್ ಬರೆಯುವ ವಿಎಸ್ ಕೋಡ್ ತಂತ್ರಾಂಶದಲ್ಲಿ ಆಟೋಫೆಚ್ (ತಾನಾಗಿ ಫೆಚ್) ಚಾಲೂ ಮಾಡಿದರೆ, ಮೊದಲೇ ಇರುವ ಅವಧಿ 180 ಸೆಕೆಂಡ್. ಕಂಪ್ಯೂಟರ್ ಆರಿಸದೆ ಮಲಗಿದರೆ ದಿನಕ್ಕೆ 480ರವರೆಗೂ ಹಾಜರಿ! ಕೋಡನ್ನು ತಾನಾಗಿ ಎಳೆದುಕೊಂಡು ಕಟ್ಟುವ ಬಿಲ್ಡ್ ಸರ್ವರಿಗೆ ಬೇರೆ ಖಾತೆ ಕೊಟ್ಟು ಪಟ್ಟಿಯಿಂದ ಸೋಸಬಹುದು. ನಿದ್ದೆಯಲ್ಲಿರುವವರನ್ನು ಸೋಸುವುದು ಕಷ್ಟ.

ಇಷ್ಟೆಲ್ಲ ಸರಿಮಾಡಿಟ್ಟರೂ ಹಳೆಯ ಲಾಗ್‌ಗಳನ್ನು ಅಳಿಸುವ ಲಾಗ್‌ರೊಟೇಟ್ ಒಂದಿದೆ. ವಾರಕ್ಕೊಂದು ಫೈಲ್, ಹಳೆಯವು ನಾಲ್ಕು ಎಂದು ಬಿಟ್ಟಿದ್ದರೆ, ಮ್ಯಾನೇಜರ್ ಕೇಳುವುದು ಆರನೇ ವಾರದ್ದನ್ನೇ.